ಆಬಿಂಗ್ಡನ್ನಿನ ಮುಗಿಯದ ವಾದ

ಆಕ್ಸ್‌ಫರ್ಡ್‌ನಿಂದ ದಕ್ಷಿಣಕ್ಕೆ ಸುಮಾರು 10 ಕಿ.ಮೀ. ಹೋದರೆ ಥೇಮ್ಸ್ ದಂಡೆಯ ಊರು ಆಬಿಂಗ್ಡನ್. 1929ರಿಂದ 1980ರವರೆಗೆ ಎಂ.ಜಿ. ಸ್ಪೋರ್ಟ್ಸ್ ಕಾರುಗಳು ತಯಾರಾಗುತ್ತಿದ್ದುದು ಇಲ್ಲೇ. ಕಾರ್ಖಾನೆ ಮುಚ್ಚಿತು, ಕಾರುಗಳೂ ಮಾಲೀಕರ ಜಗಳವೂ ಉಳಿದವು. ಅವರ ಸಂಘದ ಕಚೇರಿ ಇರುವುದು, ತಮಾಷೆಯೆಂದರೆ, ಸ್ಮಶಾನ ರಸ್ತೆಯಲ್ಲಿ!

ಹಳೆಯ ಎಂಜಿನ್ನಿನ ವಾಲ್ವ್ ಸೀಟು ಸವೆಯದಂತೆ ಕಾಯುತ್ತಿದ್ದುದು ಪೆಟ್ರೋಲಿನಲ್ಲಿದ್ದ ಸೀಸ. ಅದೇ ಸೀಸ ಮಕ್ಕಳ ಮಿದುಳಿಗೆ ವಿಷ. 2000ದಲ್ಲಿ ಬ್ರಿಟನ್ ಅದರ ಸಾಮಾನ್ಯ ಮಾರಾಟ ನಿಲ್ಲಿಸಿತು. ‘ಹೆಡ್ ಬಿಚ್ಚಿಸಿ ಗಟ್ಟಿ ಸೀಟು ಕೂರಿಸಿ’ ಎಂದು ಕೆಲವರು. ‘ಟ್ಯಾಂಕಿಗೆ ಔಷಧಿ ಸುರಿದರೆ ಸಾಕು, ಸವೆದಾಗ ನೋಡೋಣ’ ಎಂದು ಉಳಿದವರು. ಭಾನುವಾರವಷ್ಟೇ ಮೆಲ್ಲಗೆ ಓಡಿಸುವವರಿಗೆ ಎರಡನೆಯದೇ ಸರಿ ಎನ್ನಬೇಕು.

2021ರಲ್ಲಿ ಶೇ. 10ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಂತು. ಅದು ಹಳೆಯ ರಬ್ಬರ್ ಪೈಪುಗಳನ್ನು ಕೆಡಿಸುತ್ತದೆ. ಈಗ ವಾದ ಪೈಪಿನದು.