ಪರದೆ ತೋರಿಸುವ ಹೆಸರು

ಗೊತ್ತಿಲ್ಲದ ನಂಬರಿನಿಂದ ಕರೆ ಬಂದಾಗ ಟ್ರೂಕಾಲರ್ ತೋರಿಸುವ ಹೆಸರನ್ನು ಬಹಳ ಜನ ಗುರುತಿನ ಚೀಟಿಯಂತೆ ನಂಬುತ್ತಾರೆ. ಆದರೆ ಅದು ಹೆಚ್ಚಾಗಿ ಬಳಕೆದಾರರೇ ಕೊಟ್ಟ, ಸೂಚಿಸಿದ ಹೆಸರು. ಸಿಮ್ ಯಾರ ದಾಖಲೆಯ ಮೇಲಿದೆ ಅನ್ನುವುದು ಅದರಿಂದ ತಿಳಿಯುವುದಿಲ್ಲ. ಹೆಚ್ಚಾಗಿ ಸಾಕಷ್ಟು ಜನ ದೂರಿದ ಮೇಲೆಯೇ ನಂಬರಿಗೆ ಸ್ಪ್ಯಾಮ್ ಎಂಬ ಗುರುತು ಬೀಳುವುದು. ಮೋಸಗಾರ ಅಷ್ಟರಲ್ಲಿ ಹೊಸ ಸಿಮ್ ಹಾಕಿಕೊಂಡಿರುತ್ತಾನೆ. ವಿದೇಶದಿಂದ ಬಂದರೂ +91 ಎಂದು ತೋರುವ ಕರೆಗಳಂತೂ ಎಷ್ಟು ಹೆಚ್ಚಿದವೆಂದರೆ, ಅವನ್ನು ತಡೆಯಲು ದೂರಸಂಪರ್ಕ ಇಲಾಖೆ 2024ರಲ್ಲಿ ಪ್ರತ್ಯೇಕ ವ್ಯವಸ್ಥೆಯನ್ನೇ ತಂದಿತು.

1909ಕ್ಕೆ ಹೇಳಿ ಡಿಎನ್‌ಡಿ, ಅಂದರೆ ಜಾಹೀರಾತು ಕರೆ ಬೇಡವೆನ್ನುವವರ ಪಟ್ಟಿಗೆ ಹೆಸರು ಹಾಕಿಸಿದರೆ ನೋಂದಾಯಿತ ಜಾಹೀರಾತಿನವರ ಕಾಟ ತಗ್ಗುತ್ತದೆ. ಕದ್ದುಮುಚ್ಚಿ ಮಾಡುವವನಿಗೆ ಆ ಪಟ್ಟಿಯ ಹಂಗಿಲ್ಲ.

ನನ್ನ ಚಿಂತೆ ಮನೆಯಲ್ಲಿ ಒಬ್ಬರೇ ಇರುವ ಹಿರಿಯರದ್ದು. "ಗೊತ್ತಿಲ್ಲದ ಕರೆ ಎತ್ತಬೇಡಿ" ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆಸ್ಪತ್ರೆಯವರದ್ದೋ, ಸಿಲಿಂಡರ್ ತರುವ ಹುಡುಗನದ್ದೋ, ಫೋನ್ ಕಳೆದುಕೊಂಡ ಮಗಳು ಬೇರೆಯವರ ನಂಬರಿನಿಂದ ಮಾಡಿದ್ದೋ ಇರಬಹುದಲ್ಲ? ಅವರು ಎತ್ತಿಯೇ ಎತ್ತುತ್ತಾರೆ, ಎತ್ತಲೂಬೇಕು. ಅವರಿಗೆ ಕಲಿಸಬೇಕಾದದ್ದು ಕರೆ ಕತ್ತರಿಸುವ ಧೈರ್ಯವನ್ನು. ಆ ಕಡೆಯವನು ಪೊಲೀಸ್ ಎಂದು ಗದರಲಿ, ಬ್ಯಾಂಕ್ ಎಂದು ಓಲೈಸಲಿ, ಮಧ್ಯದಲ್ಲೇ ಫೋನ್ ಇಟ್ಟರೆ ಅದು ಅಗೌರವವಲ್ಲ. ಫೋನಿನಲ್ಲೇ ಬಂಧಿಸಿದ್ದೇವೆಂದು ಅವರು ಹೆದರಿಸುವ ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲಿಯೇ ಇಲ್ಲ.

ಈ ವಾರ ಅಪ್ಪ ಅಮ್ಮನ ಜೊತೆ ಕೂತು ಇದನ್ನು ಮಾತಾಡಿ. ಮೋಸದಲ್ಲಿ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ ನಂಬರನ್ನು ದೊಡ್ಡಕ್ಷರದಲ್ಲಿ ಬರೆದು ಅವರ ಕಣ್ಣಿಗೆ ಬೀಳುವಲ್ಲಿ ಅಂಟಿಸಿ.