ಮೊದಲು ಒಂದು ಬಾಚಣಿಗೆ ತಗೊಳ್ಳಿ

ನಾನು ಬೇಟೆಗೆ ಹೋಗುತ್ತೇನೆ ಅಂತ ಗೊತ್ತಾದ ಮೇಲೆ ಫೀನಿಕ್ಸ್ ಸುತ್ತಮುತ್ತ ಇರುವ ಕನ್ನಡದ ಹುಡುಗರಿಂದ ಆಗಾಗ ಫೋನ್ ಬರುತ್ತದೆ. ಎಲ್ಲರದ್ದೂ ಒಂದೇ ಪ್ರಶ್ನೆ: "ಗುರೂ, ಯಾವ ರೈಫಲ್ ತಗೊಳ್ಳಲಿ?" ನನ್ನದೂ ಒಂದೇ ಉತ್ತರ: "ಮೊದಲು ಒಂದು ಬಾಚಣಿಗೆ ತಗೋ ಮಾರಾಯ."

ತಮಾಷೆ ಅಂದುಕೊಂಡು ನಗುತ್ತಾರೆ. ತಮಾಷೆಯಲ್ಲ. ಅರಿಜೋನಾದ ಸೊನೋರನ್ ಮರುಭೂಮಿಯಲ್ಲಿ ಚೋಯಾ ಅಂತ ಒಂದು ಕಳ್ಳಿ ಇದೆ. ಬೆಳಗಿನ ಬಿಸಿಲಲ್ಲಿ ದೂರದಿಂದ ನೋಡಿದರೆ ಮೈತುಂಬ ಹತ್ತಿ ಮೆತ್ತಿಕೊಂಡ ಹಾಗೆ ಮುದ್ದಾಗಿ ಕಾಣುತ್ತದೆ. ಪ್ಯಾಂಟು ಸುಮ್ಮನೆ ಸವರಿಕೊಂಡು ಹೋದರೆ ಸಾಕು, ಅದರ ಒಂದು ತುಂಡು ಕಳಚಿಕೊಂಡು ನಿಮ್ಮ ಮೀನಖಂಡಕ್ಕೆ ಬಂದು ಕೂತಿರುತ್ತದೆ. ಕೈಯಲ್ಲಿ ಕೀಳಲು ಹೋದಿರೋ, ಕೈಗೂ ಅಂಟಿಕೊಂಡಿತು ಅಂತಲೇ ಲೆಕ್ಕ. ಹಲ್ಲು ಅಗಲ ಇರುವ ಬಾಚಣಿಗೆಯನ್ನು ಚರ್ಮಕ್ಕೂ ಆ ತುಂಡಿಗೂ ನಡುವೆ ತೂರಿಸಿ ಒಂದೇ ಸಲಕ್ಕೆ ಆಚೆ ಚಿಮ್ಮಿಸಬೇಕು. ಒಳಗೆ ಉಳಿದ ಮುಳ್ಳಿಗೆ ಚಿಮಟ. ಚಿಮ್ಮಿಸುವ ದಿಕ್ಕಿನಲ್ಲಿ ಸ್ನೇಹಿತರು ನಿಂತಿರಬಾರದು. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಬಾಚಣಿಗೆಯ ಪಾಠ ಹೇಳಿಕೊಟ್ಟವರು ನಮ್ಮ ಬೀದಿಯ ಕೊನೇ ಮನೆಯ ಮುದುಕರು. ತಾಮ್ರದ ಗಣಿಯಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವರು. ಎದುರಿಗೆ ಅವರನ್ನು ಹೆಸರು ಹಿಡಿದೇ ಕರೀತೀನಿ, ಇಲ್ಲಿ ಎಲ್ಲರೂ ಹಾಗೇ. ನಮ್ಮ ಮನೆಯೊಳಗೆ ಮಾತ್ರ ಅವರು 'ಮೇಷ್ಟ್ರು'.

ನಾನು ಮಲೆನಾಡಿನವನು, ತೀರ್ಥಹಳ್ಳಿ ಕಡೆ. ನಮ್ಮಜ್ಜನಿಗೆ ಷಿಕಾರಿ ಹುಚ್ಚು. ಹಳು ನುಗ್ಗೋದು, ಬಿಲ್ಲಿಗೆ ನಿಲ್ಲೋದು, ಮರಸು ಕೂರೋದು ಎಲ್ಲವನ್ನೂ ಜಗಲಿ ಮೇಲೆ ಕೂತು ಕೇಳಿದ್ದೇನೆ. ಕೇಳಿದ್ದಷ್ಟೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಎಷ್ಟೋ ವರ್ಷ ಆದ ಮೇಲೆ ಹುಟ್ಟಿದವನು ನಾನು. ನಾನು ನೋಡುವ ಹೊತ್ತಿಗೆ ಅಜ್ಜನ ಕೋವಿ ತೋಟದ ಮಂಗ ಓಡಿಸುವ ಕೆಲಸಕ್ಕೆ ಇಳಿದಿತ್ತು. ಹಾಗಾಗಿ ಗ್ರೀನ್ ಕಾರ್ಡ್ ಬಂದ ವರ್ಷ ಮೇಷ್ಟ್ರು "ಬರ್ತೀಯಾ?" ಅಂದಾಗ ನನಗೆ ಎರಡನೇ ಮಾತು ಹೊರಡಲಿಲ್ಲ.

ಬರ್ತೀನಿ ಅಂದ ಮಾತ್ರಕ್ಕೆ ಹೋಗೋಕಾಗಲ್ಲ. ಇಲ್ಲಿನ ಗೇಮ್ ಆಂಡ್ ಫಿಶ್ ಇಲಾಖೆ ರಾಜ್ಯವನ್ನು ಯೂನಿಟ್‌ಗಳಾಗಿ ಭಾಗ ಮಾಡಿ, ಯಾವ ಯೂನಿಟ್‌ನಲ್ಲಿ ಎಷ್ಟು ಜಿಂಕೆಗೆ ಅನುಮತಿ ಅಂತ ಲೆಕ್ಕ ಹಾಕಿ, ಅರ್ಜಿ ಕರೆದು ಲಾಟರಿ ಎತ್ತುತ್ತದೆ. ಸಿಗದಿದ್ದವರಿಗೆ ಒಂದು ಬೋನಸ್ ಪಾಯಿಂಟ್. ಬಿಡಿಎ ಸೈಟಿಗೆ ಅರ್ಜಿ ಹಾಕಿದವರಿಗೆ ಅರ್ಥವಾಗುತ್ತದೆ: ಎಷ್ಟು ಸಲ ಸೋತಿದ್ದೀರಿ ಅನ್ನೋದೂ ಒಂದು ಅರ್ಹತೆ. ನನಗೆ ಟ್ಯಾಗ್ ಸಿಕ್ಕಿದ್ದು ಮೂರನೇ ವರ್ಷ. ಟೂಸಾನ್‌ನ ದಕ್ಷಿಣಕ್ಕಿರುವ ಸಾಂತಾ ರೀಟಾ ಬೆಟ್ಟಗಳು, ನವೆಂಬರ್ ಮೊದಲ ಭಾಗ. ಒಂದು ಟ್ಯಾಗ್ ಅಂದರೆ ಒಂದು ಪ್ರಾಣಿ. ಹೊಡೆದ ಕೂಡಲೇ ಅದನ್ನು ಪ್ರಾಣಿಗೆ ಕಟ್ಟಬೇಕು, ಅಲ್ಲಿಗೆ ಆ ವರ್ಷದ ಕಥೆ ಮುಗಿಯಿತು.

ಟ್ಯಾಗ್ ಬಂದ ರಾತ್ರಿಯೇ ಎಕ್ಸೆಲ್ ಶೀಟ್ ತೆರೆದೆ. ನಮ್ಮಂಥವರ ಜಾಯಮಾನವೇ ಅದು. ಓಡಬೇಕು ಅನ್ನಿಸಿದರೆ ಓಡುವ ಮೊದಲು ವಾಚು ಕೊಳ್ಳುತ್ತೇವೆ. ಮೂರು ವಾರ ರಿವ್ಯೂ ಓದಿ 6.5 ಕ್ರೀಡ್‌ಮೂರ್ ರೈಫಲ್, ಅದರಷ್ಟೇ ದುಬಾರಿಯ ಸ್ಕೋಪು, ಬಂಡೆ ಬಣ್ಣದ ಬಟ್ಟೆ, ದಾರಿಯಲ್ಲಿ ಕಟ್ಟೋಕೆ ಎರಡು ಟ್ರೇಲ್ ಕ್ಯಾಮೆರಾ ತಗೊಂಡೆ. ಮೇಷ್ಟ್ರು ಬಂದು ಗ್ಯಾರೇಜಿನಲ್ಲಿ ಹರಡಿದ್ದನ್ನು ನೋಡಿದರು. ಮೊದಲು ಕ್ಯಾಮೆರಾ ಎತ್ತಿಟ್ಟರು. "ಇದನ್ನ ವಾಪಸ್ ಕೊಡು. 2022ರಿಂದ ಬೇಟೆಗೆ ಇದನ್ನ ಬಳಸೋ ಹಾಗಿಲ್ಲ ಇಲ್ಲಿ." ಆಮೇಲೆ ರೈಫಲ್ ನೋಡಿ, "ಚೆನ್ನಾಗಿದೆ. ಜಿಂಕೆಯನ್ನ ನೋಡೋದು ಯಾವುದರಲ್ಲಿ?" ಅಂದರು. ನನ್ನ ಹತ್ತಿರ ಇದ್ದದ್ದು ಕ್ರಿಕೆಟ್ ಮ್ಯಾಚಿಗೆ ಅಂತ ತಗೊಂಡಿದ್ದ ಪುಟ್ಟ ಬೈನಾಕ್ಯುಲರ್.

ಆಗ ಮೇಷ್ಟ್ರು ಹೇಳಿ ಬರೆಸಿದ ಪಟ್ಟಿಯನ್ನೇ ಈಗ ನಾನು ಎಲ್ಲರಿಗೂ ಕಳಿಸುವುದು.

ಮೊದಲನೆಯದು ನೀರು. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್, ಬರೀ ಕುಡಿಯೋಕೆ. ಅಂದರೆ ಬೆನ್ನ ಮೇಲೆ ನಾಲ್ಕು ಕಿಲೋ. ಗಾಡಿಯಲ್ಲಿ ಬೇರೆ ಇಪ್ಪತ್ತು ಲೀಟರಿನ ಕ್ಯಾನು. ಮ್ಯಾಪಿನಲ್ಲಿ ನೀಲಿ ಚುಕ್ಕೆ ಇದೆ ಅಂತ ನಂಬಿಕೊಂಡು ಹೋಗಬಾರದು, ಅಲ್ಲಿ ಒಣಗಿದ ಕೆಸರು ಇರಬಹುದು. ನೀರಿದ್ದರೂ ಅದರ ಕಾಲು ಮೈಲಿಯೊಳಗೆ, ಪ್ರಾಣಿಗಳಿಗೆ ದಾರಿ ತಪ್ಪುವ ಹಾಗೆ ಟೆಂಟ್ ಹಾಕುವುದು ಕಾನೂನಿಗೆ ವಿರುದ್ಧ. ಇರುವ ಒಂದು ಹೊಂಡಕ್ಕೆ ಇಡೀ ಕಾಡು ಬರಬೇಕಲ್ಲ.

ಎರಡನೆಯದು ಕಣ್ಣು. ಹತ್ತು ಪಟ್ಟು ದೊಡ್ಡದು ಮಾಡುವ ಒಳ್ಳೆ ಬೈನಾಕ್ಯುಲರ್, ಅದನ್ನು ಕೂರಿಸೋಕೆ ಟ್ರೈಪಾಡ್. ಕೈಯಲ್ಲಿ ಹಿಡಿದು ನೋಡಿದರೆ ಬೆಟ್ಟ ಕಾಣುತ್ತದೆ, ಟ್ರೈಪಾಡಿನ ಮೇಲಿಟ್ಟು ನೋಡಿದರೆ ಬೆಟ್ಟದಲ್ಲಿ ಒಂದು ಕಿವಿ ಅಲ್ಲಾಡಿದ್ದು ಕಾಣುತ್ತದೆ. ಜೊತೆಗೆ ಕುಂಡೆ ಕೆಳಗೆ ಹಾಕಿಕೊಳ್ಳೋಕೆ ಒಂದು ಮೆತ್ತೆ. ನಗಬೇಡಿ, ದಿನಕ್ಕೆ ಎಂಟು ಗಂಟೆ ಕೂರಬೇಕು.

ಆಮೇಲೆ ಗಟ್ಟಿ ಅಟ್ಟೆಯ ಬೂಟು, ಚರ್ಮದ ಕೈಗವಸು, ಹಾವಿಗೂ ಮುಳ್ಳಿಗೂ ಆಗುವ ಗೇಟರ್, ಹಣೆಗೆ ಕಟ್ಟೋ ದೀಪ ಎರಡು, ಸಿಗ್ನಲ್ ಇಲ್ಲದ ಕಡೆ ಕೆಲಸ ಮಾಡುವ ಸ್ಯಾಟಲೈಟ್ ಮೆಸೆಂಜರ್, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಟೇಪು, ಚಾಕು, ಮಾಂಸಕ್ಕೆ ಗಾಳಿಯಾಡುವ ಬಟ್ಟೆ ಚೀಲ, ಐಸ್ ತುಂಬಿದ ಎರಡು ದೊಡ್ಡ ಪೆಟ್ಟಿಗೆ. ಹೊಡೆದ ಪ್ರಾಣಿಯ ಚರ್ಮ ಬೇಗ ಬಿಚ್ಚಿ, ನೆರಳಲ್ಲಿ ತೂಗುಹಾಕಿ, ತಣ್ಣಗೆ ಮಾಡಬೇಕು. ನವೆಂಬರಿನಲ್ಲೂ ಮಧ್ಯಾಹ್ನ 26 ಡಿಗ್ರಿ ಮುಟ್ಟುವ ಜಾಗ ಅದು.

ಪಟ್ಟಿ ಬರೆದು ಮುಗಿಸಿದಾಗ ಗಮನಿಸಿದೆ, ಬಂದೂಕಿಗೆ ಸಂಬಂಧಪಟ್ಟದ್ದು ಒಂದೂ ಇರಲಿಲ್ಲ. ಕೇಳಿದ್ದಕ್ಕೆ ಮೇಷ್ಟ್ರು ಅಂದರು: "ಅದು ನಿನ್ನ ಹತ್ರ ಆಗಲೇ ಇದೆಯಲ್ಲ. ಹೋಗಿ ನೆಲದ ಮೇಲೆ ಕೂತು ಹೊಡೆದು ಅಭ್ಯಾಸ ಮಾಡು. ಟೇಬಲ್ ಮೇಲಿಟ್ಟು ಬೇಡ." ನಾನು ನಾಲ್ಕು ಭಾನುವಾರ ಶೂಟಿಂಗ್ ರೇಂಜಿಗೆ ಹೋದೆ. ಟೇಬಲ್ ಮೇಲೆ ಮರಳುಚೀಲ ಇಟ್ಟುಕೊಂಡೇ ಹೊಡೆದೆ. ಗುಂಡುಗಳೆಲ್ಲ ಒಂದು ಬಿಸ್ಕತ್ತಿನಷ್ಟು ಜಾಗದಲ್ಲಿ ಬೀಳುತ್ತಿದ್ದವು. ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದೆ.

ನಾವು ಹುಡುಕುತ್ತಿದ್ದ ಜಿಂಕೆಯ ಹೆಸರು ಕೂಸ್. ಎಲಿಯಟ್ ಕೌಸ್ ಅನ್ನುವ ಸೈನ್ಯದ ಡಾಕ್ಟರು, ಪಕ್ಷಿತಜ್ಞ, ಅವರ ಹೆಸರು ಇಟ್ಟಿದ್ದಾರೆ. ಅವರು ತಮ್ಮ ಹೆಸರನ್ನು ಹೇಳುತ್ತಿದ್ದದ್ದು ಕೌಸ್ ಅಂತ. ಬೇಟೆಗಾರರ ಬಾಯಲ್ಲಿ ಅದು ಕೂಸ್ ಆಗಿದೆ. ನನ್ನ ಕಿವಿಗೆ ಅದು 'ಕೂಸು' ಅಂತಲೇ ಕೇಳುತ್ತಿತ್ತು. ಪ್ರಾಣಿಯೂ ಹಾಗೇ ಸಣ್ಣದು. ಬೆಳೆದ ಗಂಡು ಕೂಡ ನಲವತ್ತೈದು ಕಿಲೋ ದಾಟುವುದು ಅಪರೂಪ. ಬೂದು ಬಣ್ಣ. ಓಕ್ ಮರದ ನೆರಳಲ್ಲಿ ಮಲಗಿತು ಅಂದರೆ ಮುಗೀತು, ನೆರಳೇ ಆಗಿಬಿಡುತ್ತದೆ. ಬಿಸಿಲು ಸರಿದು ಮೈಗೆ ತಾಗಿದಾಗ ಎದ್ದು ಬೇರೆ ನೆರಳಿಗೆ ಹೋಗುತ್ತದಲ್ಲ, ಆ ಅರ್ಧ ನಿಮಿಷಕ್ಕೆ ನೀವು ಕಾಯುತ್ತಾ ಕೂತಿರಬೇಕು.

ಎರಡು ದಿನ ಕೂತೆವು. ಮೂರನೇ ದಿನ ಸಂಜೆ ಐದಕ್ಕೆ ಹತ್ತು ನಿಮಿಷ ಇದ್ದಾಗ ಎದುರಿನ ಇಳಿಜಾರಿನಲ್ಲಿ ಒಂದು ಗಂಡು ಎದ್ದು ನಿಂತಿತು. ರೇಂಜ್‌ಫೈಂಡರಿನಲ್ಲಿ 310 ಗಜ. ನಡುವೆ ಒಂದು ಕಣಿವೆ.

ಮೇಷ್ಟ್ರು ನೋಡಿ, "ಒಳ್ಳೆ ಜಿಂಕೆ. ಟೈಮ್ ನೋಡ್ಕೋ," ಅಂದರು.

ಸೂರ್ಯ ಮುಳುಗೋಕೆ ಇನ್ನೂ ಅರ್ಧ ಗಂಟೆಗಿಂತ ಜಾಸ್ತಿ ಇತ್ತು. ನನಗೆ ಕಾಣಿಸಿದ್ದು ಅದು. ಮೇಷ್ಟ್ರು ಹೇಳಿದ್ದು ಹೊಡೆದ ಮೇಲೆ ಬೇಕಾಗುವ ಟೈಮು. ಕೂತೆ, ಮೊಣಕಾಲ ಮೇಲೆ ಮೊಣಕೈ ಊರಿದೆ. ಸ್ಕೋಪಿನೊಳಗಿನ ಗೆರೆ ನನ್ನ ಎದೆಬಡಿತದ ಜೊತೆ ಕುಣಿಯುತ್ತಿತ್ತು. ಟೇಬಲ್ ಮೇಲೆ ಅದು ಕುಣಿದಿರಲಿಲ್ಲ. ಮೂರು ವರ್ಷ ಕಾದಿದ್ದೇನೆ ಅಂತ ತಲೆಯಲ್ಲಿ ಓಡುತ್ತಿತ್ತು. ಒತ್ತಿದೆ.

ಜಿಂಕೆ ಬೀಳಲಿಲ್ಲ. ಬೆನ್ನು ಗೂನು ಮಾಡಿಕೊಂಡು, ನಿಧಾನವಾಗಿ, ಹೊಟ್ಟೆನೋವು ಬಂದ ಮಗುವಿನ ಹಾಗೆ ನಡೆದು ಪೊದೆಗಳ ಹಿಂದೆ ಹೋಯಿತು.

"ಹೊಟ್ಟೆಗೆ ಬಿದ್ದಿದೆ," ಅಂದರು ಮೇಷ್ಟ್ರು. ಬೈಯಲಿಲ್ಲ. "ಈಗಲೇ ಬೆನ್ನು ಹತ್ತಿದರೆ ಇನ್ನೊಂದು ಬೆಟ್ಟ ದಾಟಿಬಿಡತ್ತೆ. ಬಿಟ್ಟರೆ ಹತ್ತಿರದಲ್ಲೇ ಎಲ್ಲೋ ಮಲಗತ್ತೆ. ಕೂತ್ಕೋ." ಜಿಂಕೆ ನಿಂತಿದ್ದ ಜಾಗದ ಫೋಟೋ ತೆಗೆಸಿದರು. ಎರಡು ಕತ್ತಾಳೆ ಹೂದಂಡು, ಅದರ ಎಡಕ್ಕೆ ಬಿಳಿ ಬಂಡೆ. ಈ ಕಡೆಯಿಂದ ಗುರುತು ಮಾಡಿಕೊಳ್ಳದೆ ಹೋದರೆ, ಕಣಿವೆ ಇಳಿದು ಆ ಕಡೆ ಹತ್ತುವಷ್ಟರಲ್ಲಿ ಬೆಟ್ಟ ಬೇರೆಯದೇ ಆಗಿರುತ್ತದೆ.

ಆ ಕಾಯುವಿಕೆಯಲ್ಲಿ ಲೆಕ್ಕ ಎರಡೂ ಕಡೆ ತಪ್ಪುತ್ತಿತ್ತು. ಬೇಗ ಹೋದರೆ ಪ್ರಾಣಿ ಓಡಿಹೋಗಿ ಎಲ್ಲೋ ನರಳಿ ಸಾಯುತ್ತದೆ. ತಡ ಮಾಡಿದರೆ ಮಾಂಸ ಕೆಡುತ್ತದೆ. ಐವತ್ತು ನಿಮಿಷ ಮುಂಚೆ ಹೊಡೆದಿದ್ದರೆ, ಅಥವಾ ಹೊಡೆಯದೇ ಇದ್ದಿದ್ದರೆ, ಈ ಲೆಕ್ಕವೇ ಇರುತ್ತಿರಲಿಲ್ಲ.

ಕತ್ತಲಾದ ಮೇಲೆ ರೈಫಲನ್ನು ಗಾಡಿಯಲ್ಲಿ ಬೀಗ ಹಾಕಿ ಇಟ್ಟು, ದೀಪ ಕಟ್ಟಿಕೊಂಡು ಹೋದೆವು. ದೀಪ ಹಿಡಿದು ಬೇಟೆಯಾಡೋದು ಅಪರಾಧ, ಹುಡುಕೋದಕ್ಕೆ ಬಂದೂಕು ಬೇಡ. ಬಿಳಿ ಬಂಡೆಯ ಹತ್ತಿರ ನಾಲ್ಕು ಹನಿ ರಕ್ತ ಸಿಕ್ಕಿತು. ಪ್ರತಿ ಹನಿಗೂ ಒಂದು ಕಿತ್ತಳೆ ಟೇಪು ಕಟ್ಟುತ್ತಾ ಹೋದೆವು. ಹನ್ನೊಂದನೇ ಟೇಪಿನ ಆಚೆ ಏನೂ ಇರಲಿಲ್ಲ. ಬರೀ ಕಲ್ಲು. ಮಂಡಿಯೂರಿ ಹುಡುಕಿದೆ. ಬಾಚಣಿಗೆ ಮೂರು ಸಲ ಜೇಬಿನಿಂದ ಹೊರಗೆ ಬಂತು. ರಾತ್ರಿ ಹತ್ತಕ್ಕೆ ಮೇಷ್ಟ್ರು, "ಸಾಕು. ನಾವೇ ತುಳಿದು ಗುರುತು ಅಳಿಸ್ತೀವಿ," ಅಂದರು. ಗಾಡಿಯಲ್ಲಿ ಮಲಗಿದೆವು. ನಾನು ಮಲಗಲಿಲ್ಲ. ನಡುರಾತ್ರಿ ಕಯೋಟಿಗಳು ಕೂಗಿದವು, ಎಲ್ಲಿ ಅಂತ ಗೊತ್ತಾಗುವಷ್ಟು ಹತ್ತಿರದಲ್ಲಿ.

ಬೆಳಿಗ್ಗೆ ಏಳೂಕಾಲಿಗೆ ಸಿಕ್ಕಿತು. ಕೊನೆಯ ಟೇಪಿನಿಂದ ಇನ್ನೂರು ಹೆಜ್ಜೆಯೂ ಇರಲಿಲ್ಲ, ಒಂದು ಓಕ್ ಮರದ ಬುಡ. ಹಿಂದಿನ ತೊಡೆಗಳನ್ನು ಕಯೋಟಿಗಳು ಮುಗಿಸಿದ್ದವು. ಹೊಟ್ಟೆಯ ಸುತ್ತ ಹಸಿರು ತಿರುಗಿ ವಾಸನೆ ಬಂದಿತ್ತು. ಕೊಂಬು ಮಾತ್ರ ಹಾಗೇ ಇತ್ತು.

ಈಗ ಬರೆಯಲಿರುವ ಮಾತನ್ನು ಬರೆಯಬೇಕೋ ಬೇಡವೋ ಅಂತ ತುಂಬ ಯೋಚಿಸಿದ್ದೇನೆ. ಅಲ್ಲಿ ನಿಂತಾಗ ನನ್ನ ತಲೆಗೆ ಬಂದ ಮೊದಲ ಯೋಚನೆ ಜಿಂಕೆಯದ್ದಲ್ಲ. ಟ್ಯಾಗ್ ಇನ್ನೂ ಜೇಬಿನಲ್ಲಿದೆ ಅನ್ನೋದು. ಸೀಸನ್ ಮುಗಿಯೋಕೆ ಇನ್ನೂ ದಿನ ಇತ್ತು. ಇದನ್ನು ಇಲ್ಲೇ ಬಿಟ್ಟರೆ ಯಾರು ಕೇಳುತ್ತಾರೆ? ಕಯೋಟಿ ತಿಂದದ್ದು ಅಂತ ಆಗುತ್ತದೆ. ಮೂರು ವರ್ಷ ಕಾದಿದ್ದೆನಲ್ಲ.

ನನ್ನ ಮುಖದಲ್ಲಿ ಏನು ಕಂಡಿತೋ. ಮೇಷ್ಟ್ರು ಬೆನ್ನಚೀಲ ಇಳಿಸಿ, ಚಾಕು ತೆಗೆದು, "ಟ್ಯಾಗ್ ಕಟ್ಟು. ಆಮೇಲೆ ಕೆಲಸ ಶುರು ಮಾಡೋಣ," ಅಂದರು. ಅಷ್ಟೇ. ಕಟ್ಟಿದೆ. ಮುಂಗಾಲುಗಳು, ಕುತ್ತಿಗೆ, ಬೆನ್ನಿನ ಮೇಲ್ಭಾಗದ ಸ್ವಲ್ಪ ಮಾಂಸ ಚೆನ್ನಾಗಿದ್ದವು. ಒಂದೊಂದನ್ನೂ ಮೂಸಿ ನೋಡಿ ಬಿಡಿಸಿಕೊಂಡೆವು. ತಿನ್ನೋಕೆ ಆಗುವ ಮಾಂಸವನ್ನು ಬಿಟ್ಟು ಬರೋದು ಇಲ್ಲಿ ಕಾನೂನಿಗೂ ತಪ್ಪು. ಎರಡು ಪೆಟ್ಟಿಗೆ ಐಸ್ ಒಯ್ದಿದ್ದೆವು, ಒಂದು ಪೆಟ್ಟಿಗೆಯೂ ತುಂಬಲಿಲ್ಲ.

ಆ ಭಾನುವಾರ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಟ್ಯಾಗಿನ ಯೋಚನೆಯನ್ನೂ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮಜ್ಜ ಒಂದು ಸಲ ಕಡವೆಗೆ ಹೀಗೇ ಮಾಡಿದ್ದ ಕಣೋ," ಅಂದರು. "ಎರಡು ದಿನ ಮನೆಗೆ ಬರಲಿಲ್ಲ. ಸಿಗಲೂ ಇಲ್ಲ." ಜಗಲಿಯ ಮೇಲೆ ಅಷ್ಟು ಕಥೆ ಹೇಳಿದ ಅಜ್ಜ ಇದನ್ನು ನನಗೆ ಯಾವತ್ತೂ ಹೇಳಿರಲಿಲ್ಲ. "ಊಟ ಆಯ್ತಾ?" ಅಂತ ಕೇಳಿ ಅಪ್ಪ ಫೋನ್ ಇಟ್ಟರು.

ಮಾಂಸ ಎಂಟು ಪೊಟ್ಟಣ ಆಗಿತ್ತು. ಹೆಂಡತಿ ಕೊತ್ತಂಬರಿ, ಮೆಣಸು ಹುರಿದು ಸಾರು ಮಾಡಿದಳು. ಯಾರನ್ನೂ ಊಟಕ್ಕೆ ಕರೆಯಲಿಲ್ಲ, ಮೇಷ್ಟ್ರೊಬ್ಬರನ್ನು ಬಿಟ್ಟು. ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಾ ಎರಡು ಸಲ ಹಾಕಿಸಿಕೊಂಡರು.

ಆಮೇಲಿನ ಎರಡು ವರ್ಷ ಟ್ಯಾಗ್ ಸಿಕ್ಕಿಲ್ಲ. ಈ ವರ್ಷದ ಅರ್ಜಿ ಹಾಕಿದ್ದೇನೆ. ಭಾನುವಾರ ರೇಂಜಿಗೆ ಹೋದಾಗ ಟೇಬಲ್ ಬಿಟ್ಟು ನೆಲದ ಮೇಲೆ ಕೂರುತ್ತೇನೆ, ಕೂರುವ ಮೊದಲು ಪಾರ್ಕಿಂಗ್ ಲಾಟಿನಲ್ಲಿ ಎರಡು ಸುತ್ತು ಓಡಿ ಉಸಿರು ಹತ್ತಿಸಿಕೊಳ್ಳುತ್ತೇನೆ. ಹಾಗೆ ಕೂತು ಹೊಡೆದರೆ ನನ್ನ ಅಳತೆ 200 ಗಜ, ಅದರ ಮೇಲೆ ಒಂದು ಗಜವೂ ಇಲ್ಲ. ಸೂರ್ಯ ಮುಳುಗೋಕೆ ಎರಡು ಗಂಟೆ ಇದೆ ಅನ್ನುವಾಗ ರೈಫಲ್ ಚೀಲಕ್ಕೆ ಹೋಗಬೇಕು, ಬೈನಾಕ್ಯುಲರ್ ಮಾತ್ರ ಹೊರಗಿರಬೇಕು ಅಂತ ಪಟ್ಟಿಯ ಕೊನೆಯಲ್ಲಿ ನಾನೇ ಒಂದು ಸಾಲು ಸೇರಿಸಿದ್ದೇನೆ.

ಹೋದ ವಾರ ಮತ್ತೊಬ್ಬ ಹುಡುಗ ಫೋನ್ ಮಾಡಿದ್ದ, ದಾವಣಗೆರೆಯವನು. ಪಟ್ಟಿ ಕಳಿಸಿದೆ. ಎರಡು ನಿಮಿಷಕ್ಕೆ ಉತ್ತರ ಬಂತು: "ಎಲ್ಲ ಸರಿ ಗುರೂ, ಆದರೆ ರೈಫಲ್ ಯಾವುದು ಅಂತ ಹೇಳಲೇ ಇಲ್ಲವಲ್ಲ?" ಈ ಶನಿವಾರ ಬೆಟ್ಟಕ್ಕೆ ಬಾ, ಬಂದೂಕಿಲ್ಲದೆ ಸುಮ್ಮನೆ ಕೂತು ನೋಡೋಣ, ಆಮೇಲೆ ಹೇಳ್ತೀನಿ ಅಂದಿದ್ದೇನೆ. ಬಾಚಣಿಗೆ ನನ್ನ ಹತ್ತಿರ ಎರಡಿದೆ.