ಬಳ್ಳಾರಿ ಬಿಸಿಲು, ಕಪ್ಪು ಸೀರೆ

ಏಪ್ರಿಲ್‌ನಲ್ಲಿ ಬಳ್ಳಾರಿಗೆ ಹೊರಟೆ ಅಂದರೆ ಧಾರವಾಡದ ಓಣಿಯವರಿಗೆಲ್ಲ ನನ್ನ ಮೇಲೆ ಕನಿಕರ ಉಕ್ಕುತ್ತದೆ. "ಅಲ್ಲವಾ, ಆ ಬಿಸಲಾಗ ಯಾಕ ಹೊಂಟೀದಿ? ಅಕ್ಕನ್ನ ಇಲ್ಲಿಗೇ ಕರಸ್ಕೊಳ್ಳಾಕ ಬರೂದಿಲ್ಲೇನು?" ಅನ್ನುತ್ತಾರೆ. 40 ಡಿಗ್ರಿ ಮುಟ್ಟುವ ಊರಿಗೆ ಶನಿವಾರ ಹೋಗಿ ಭಾನುವಾರ ಬರುವುದೆಂದರೆ ಅವರ ಲೆಕ್ಕದಲ್ಲಿ ಶುದ್ಧ ಹುಚ್ಚು. ನನಗೆ ಅಕ್ಕ ಎಷ್ಟು ಬೇಕೋ ಆ ಬಿಸಿಲೂ ಅಷ್ಟೇ ಬೇಕು ಎಂದರೆ ಯಾರೂ ನಂಬುವುದಿಲ್ಲ. ಕಾರಣ ನನ್ನ ಕೈಚೀಲದಲ್ಲಿರುವ ಚಂದ್ರಕಾಳಿ ಸೀರೆ.

ಮದುವಣಗಿತ್ತಿಗೆ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಕೊಡುವುದು ನಮ್ಮ ಕಡೆಯ ಹಳೆಯ ಪದ್ಧತಿ. ಅಕ್ಕನ ಮಗಳ ಮದುವೆ ಇನ್ನೂ ಗೊತ್ತಾಗಿಲ್ಲ, ಆದರೆ ಕಸೂತಿ ಹಾಕುವವರು ಮುಹೂರ್ತಕ್ಕೆ ಕಾಯುತ್ತ ಕೂತರೆ ಸೆರಗಿನ ಪಕ್ಕದ ಗೋಪುರವೂ ಏಳುವುದಿಲ್ಲ. ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಚಿತ್ರ ಬರೆದುಕೊಳ್ಳುವ ಪಾಠವಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಇಳಿಸಬೇಕು. ಬಿಳಿ ಬಟ್ಟೆಯಾದರೆ ಹೇಗೋ ನಡೆಯುತ್ತದೆ. ಕಪ್ಪು ಬಟ್ಟೆಯಲ್ಲಿ ಕಪ್ಪು ಎಳೆ ಎಣಿಸುವುದಿದೆಯಲ್ಲ, ಅದು ಕಣ್ಣಿನ ತಪಸ್ಸು. ಈಗ ಅನೇಕರು ಮೇಲೊಂದು ಜಾಳು ಬಟ್ಟೆ ಹೊಲಿದುಕೊಂಡು, ಅದರ ಕಣ್ಣು ಎಣಿಸಿ ಕಸೂತಿ ಹಾಕಿ, ಆಮೇಲೆ ಜಾಳಿನ ಎಳೆಗಳನ್ನು ಒಂದೊಂದಾಗಿ ಕಿತ್ತು ತೆಗೆಯುತ್ತಾರೆ. ತಪ್ಪೇನಿಲ್ಲ. ನನಗೆ ಮಾತ್ರ ಅದು ಕೈ ಹಿಡಿಸಿಕೊಂಡು ನಡೆದಂತೆ ಅನಿಸುತ್ತದೆ.

ಧಾರವಾಡದ ನಮ್ಮ ಹಂಚಿನ ಮನೆಯಲ್ಲಿ ಬೆಳಕು ಯಾವಾಗಲೂ ಅರೆಮನಸ್ಸಿನದು. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ದೀಪ ಹಚ್ಚಿದರೆ ಬಟ್ಟೆ ಹೊಳೆಯುತ್ತದೆ, ಎಳೆ ಕಾಣುವುದಿಲ್ಲ. ಬಳ್ಳಾರಿಯಲ್ಲಿ ಬೆಳಿಗ್ಗೆ ಹತ್ತರ ಹೊತ್ತಿಗೆ ಅಕ್ಕನ ಮನೆಯ ಪಡಸಾಲೆ ಕಿಟಕಿಯ ಹತ್ತಿರ ಸೀರೆ ಹರಡಿಕೊಂಡು ಕೂತರೆ ಹಾಸು ಬೇರೆ, ಹೊಕ್ಕು ಬೇರೆ ಎದ್ದು ಕಾಣುತ್ತವೆ. ನಾಲ್ಕು ಎಳೆ ಎಣಿಸಲು ಸೂಜಿಮೊನೆ ಆಡಿಸಬೇಕಾಗಿಲ್ಲ, ಕಣ್ಣೇ ಎಣಿಸಿಬಿಡುತ್ತದೆ. ಒಂದೇ ತಾಪತ್ರಯ, ಬೆವರು. ಬೆರಳು ಒದ್ದೆಯಾದರೆ ಸೂಜಿ ಜಾರುವುದಿಲ್ಲ, ರೇಷ್ಮೆ ದಾರ ಮುದುಡಿ ಹೊಳಪು ಕಳೆದುಕೊಳ್ಳುತ್ತದೆ. ಅದಕ್ಕೆ ಪಕ್ಕದಲ್ಲಿ ಪೌಡರ್ ಡಬ್ಬಿ ಇಟ್ಟುಕೊಳ್ಳುತ್ತೇನೆ. ಫ್ಯಾನು ಹಾಕುವ ಹಾಗಿಲ್ಲ, ದಾರ ಹಾರಾಡುತ್ತದೆ. ಕೂಲರಿನ ಮುಖವನ್ನು ಗೋಡೆಗೆ ತಿರುಗಿಸಿದ್ದೇವೆ. ಅಕ್ಕ ಇದನ್ನು ತ್ಯಾಗ ಅಂತ ಬಂದವರಿಗೆಲ್ಲ ಹೇಳಿಕೊಳ್ಳುತ್ತಾಳೆ.

ಹುಬ್ಬಳ್ಳಿಯಿಂದ ಬಳ್ಳಾರಿಗೆ ರೈಲಿನಲ್ಲಿ ಸುಮಾರು 200 ಕಿಲೋಮೀಟರ್. ಗದಗ, ಕೊಪ್ಪಳ ದಾಟಿ ಮುನಿರಾಬಾದ್ ಬಂದಾಗ ಮಾತ್ರ ಸೂಜಿ ಕೆಳಗಿಟ್ಟು ತುಂಗಭದ್ರೆಯ ಕಡೆ ನೋಡುತ್ತೇನೆ. ಬೇಸಿಗೆಯಲ್ಲಿ ನೀರಿಗಿಂತ ಬಂಡೆಯೇ ಜಾಸ್ತಿ. ಹೊಸಪೇಟೆ ಬಿಟ್ಟು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕೊಳವೆಗಳು ಕಂಡರೆ ಇನ್ನು ಬಳ್ಳಾರಿ ಬಂದಹಾಗೆಯೇ.

ಅಕ್ಕ ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರಿಣಿ. ಜನ್ಮದಲ್ಲಿ ಸೂಜಿ ಹಿಡಿದವಳಲ್ಲ, ಗುಂಡಿ ಕಿತ್ತರೆ ದರ್ಜಿಗೆ ಕೊಡುತ್ತಾಳೆ. ಆದರೂ ಈ ಸೀರೆಯ ಅರ್ಧ ಕೆಲಸ ಅವಳದು. ಹೇಗೆಂದರೆ, ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಗವಂತಿ, ಮುರ್ಗಿ ಎರಡೂ ಹಿಂದೆ ಮುಂದೆ ಒಂದೇ ಥರ ಕಾಣಬೇಕು. ನೇಗಿ, ಮೆಂತೆಗಳಿಗೆ ಆ ಕಟ್ಟುನಿಟ್ಟಿಲ್ಲ. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಮೇಲೆ, ಒಂದು ಹೊಲಿಗೆ ಕೆಳಗೆ ಮಾಡುತ್ತ ಗೆರೆಯ ಕೊನೆ ಮುಟ್ಟುತ್ತದೆ. ಆಗ ಕಾಣುವುದು ಬರೀ ತುಂಡು ತುಂಡು. ಅದೇ ದಾರಿಯಲ್ಲಿ ವಾಪಸ್ ಬರುತ್ತ ಬಿಟ್ಟ ಜಾಗಗಳನ್ನು ತುಂಬಿದಾಗ ಗೆರೆ ಪೂರ್ತಿಯಾಗುತ್ತದೆ. ಗಂಟು ಹಾಕುವಂತಿಲ್ಲ. ಹೀಗಾಗಿ ಗೋಪುರದಂಥ ಚಿತ್ರದಲ್ಲಿ ನೂರೆಂಟು ಕವಲು ಬಂದಾಗ ಯಾವ ಕವಲಿಗೆ ಯಾವಾಗ ಹೊರಳಬೇಕು ಅನ್ನುವುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಇಲ್ಲವಾದರೆ ದಾರ ಎಲ್ಲೋ ಸಿಕ್ಕಿಕೊಂಡು ಹಿಂದಿನಿಂದ ಹಾರಬೇಕಾಗುತ್ತದೆ. ನಮ್ಮ ಅಜ್ಜಿಯ ಕಾಲದವರು ಕಸೂತಿ ತೋರಿಸಿದರೆ ಮೊದಲು ಸೆರಗು ಮಗುಚಿ ಹಿಂಬದಿಯನ್ನೇ ನೋಡುತ್ತಿದ್ದರು.

ಅಕ್ಕನಿಗೆ ರುಚಿ ಹತ್ತಿದ್ದೇ ಇಲ್ಲಿ. ಊಟ ಮುಗಿದು, ಬಾಗಿಲು ಹಾಕಿ, ಊರಿಗೆ ಊರೇ ಸದ್ದಡಗಿರುವ ಮಧ್ಯಾಹ್ನ ಅವಳು ಗ್ರಾಫ್ ಹಾಳೆ ತೆಗೆದು ಗೋಪುರ ಬರೆದುಕೊಂಡು ಪೆನ್ಸಿಲ್ಲಿನಿಂದ ನನ್ನ ಸೂಜಿಯ ದಾರಿ ಹುಡುಕುತ್ತಾಳೆ. ಒಮ್ಮೆ ಗಣಿತಜ್ಞ ಆಯ್ಲರನ ಸೇತುವೆಗಳ ಕತೆ ಹೇಳಿದಳು. ಕೋನಿಗ್ಸ್‌ಬರ್ಗ್ ಊರಿನಲ್ಲಿ ಏಳು ಸೇತುವೆ, ಪ್ರತಿಯೊಂದನ್ನೂ ಒಂದೇ ಸಲ ದಾಟಿ ಸುತ್ತು ಮುಗಿಸಲು ಬರುತ್ತದೋ ಇಲ್ಲವೋ ಎಂದು ಜನರಿಗೆ ಯೋಚನೆಯಾಗಿತ್ತಂತೆ. ಬರುವುದಿಲ್ಲ ಎಂದು ಆಯ್ಲರ್ 1736ರಲ್ಲಿ ತೋರಿಸಿಕೊಟ್ಟ.

"ಆದ್ರ ಎಲ್ಲಾ ಸೇತುವಿ ಎರಡೆರಡು ಸಲ ದಾಟಬಹುದು ಅಂದ್ರ?" ಅಂತ ನನ್ನನ್ನೇ ಕೇಳಿದಳು.

"ಏನಾಗತೈತಿ?"

"ಎಲ್ಲಿ ಬೇಕಾದಲ್ಲಿಂದ ಹೊಂಡು, ಮನಿಗೇ ಬಂದು ಮುಟ್ಟತಿ. ಚಿತ್ರ ಎಲ್ಲೂ ಕಡದಿರಬಾರದು, ಅಷ್ಟ. ನಿನ್ನ ಗವಂತಿ ಅಂದ್ರ ಅದ."

ಇಷ್ಟು ವರ್ಷ ಕೈಗೆ ಗೊತ್ತಿದ್ದದ್ದನ್ನು ತಲೆಗೆ ದಾಟಿಸಿದ್ದು ಅವಳೇ. ಗೋಪುರ, ತುಳಸಿಕಟ್ಟೆ, ತೇರು ಯಾವುದಾದರೇನು, ಚಿತ್ರ ಒಂದಕ್ಕೊಂದು ಅಂಟಿಕೊಂಡಿದ್ದರೆ ದಾರ ಎಲ್ಲ ಕಡೆ ಹೋಗಿ ಹೊರಟಲ್ಲಿಗೇ ತಿರುಗುತ್ತದೆ. ಅಂದಿನಿಂದ ನನಗೆ ಕವಲುಗಳ ಭಯವಿಲ್ಲ. ಅವಳಿಗೆ ಮಾತ್ರ ಸೊಕ್ಕು ಬಂದಿದೆ.

ಪಕ್ಕದ ಬೀದಿಯಲ್ಲಿ ಜೀನ್ಸ್ ಹೊಲಿಯುವವರಿದ್ದಾರೆ. ಬಳ್ಳಾರಿ ಅದಕ್ಕೇ ಹೆಸರಾದ ಊರು. ಬಿಸಿಲು ಇಳಿದ ಮೇಲೆ ಅವರ ಮಷಿನ್‌ಗಳು ಗರಗರ ಎನ್ನತೊಡಗಿದರೆ ನಮಗೆ ಏಳುವ ಹೊತ್ತು. ಸಂಜೆ ಒಗ್ಗರಣೆ ಮಿರ್ಚಿ ತರಲು ಹೊರಟಾಗ ಗುಡ್ಡದ ಬಂಡೆಗಳು ಇನ್ನೂ ಶಾಖ ಕಾರುತ್ತಿರುತ್ತವೆ. ಮಂಡಕ್ಕಿಯ ಆ ಒಗ್ಗರಣೆಯನ್ನು ತಿಂದ ಎಣ್ಣೆಗೈಯಲ್ಲಿ ಸೀರೆ ಮುಟ್ಟುವಂತಿಲ್ಲ. ಹಾಗಾಗಿ ರಾತ್ರಿಯೆಲ್ಲ ಬರೀ ಜಗಳ.

ಈ ಸಲ ಜಗಳ ಆನೆಯದು. ಆನೆಯ ಮೈ, ಸೊಂಡಿಲು, ಅಂಬಾರಿ ಎಲ್ಲ ಒಂದಕ್ಕೊಂದು ಅಂಟಿವೆ, ಕಣ್ಣು ಮಾತ್ರ ಒಂಟಿ. ದಾರ ಅಲ್ಲಿಗೆ ಹೋಗುವುದು ಹೇಗೆ? ಹಿಂದಿನಿಂದ ಹಾರಿಸು ಅನ್ನಲು ಅಕ್ಕನ ಗಣಿತ ಒಪ್ಪಲಿಲ್ಲ, ಕುರುಡು ಆನೆ ಕೊಡಲು ನಾನು ಒಪ್ಪಲಿಲ್ಲ. ಕೊನೆಗೆ ಅವಳು ಹಣೆಯಿಂದ ಕಣ್ಣಿನವರೆಗೆ ಒಂದು ಗೆರೆ ಎಳೆದು, ಕಣ್ಣಿನ ಸುತ್ತ ಒಂದು ಚೌಕ ಹಾಕಿದಳು. ಆನೆ ಥೇಟ್ ಅವಳ ಹಾಗೆಯೇ ಚಾಳೀಸು ಹಾಕಿಕೊಂಡು ಕೂತಿತು. "ಇರ್ಲಿ ಬಿಡು, ಮೇಷ್ಟ್ರಾನಿ ಅದು" ಅಂದಳು. ಭಾನುವಾರ ವಾಪಸ್ ಬರುವಾಗ ರೈಲು ಕೊಪ್ಪಳ ದಾಟುವಷ್ಟರಲ್ಲಿ ಚಾಳೀಸಿನ ಮೂರು ಬದಿ ಮುಗಿದಿದ್ದವು.